ಚಂದ್ರಗುತ್ತಿ: ಬೆತ್ತಲಾದದ್ದು ಯಾರು?

ಚಂದ್ರಗುತ್ತಿಗೆ ಎರಡು ಚರಿತ್ರೆಗಳಿವೆ. ಒಂದು ಬೆಟ್ಟದ ಮೇಲಿನ ಕೋಟೆಯಿಂದ ಕೆಳಗೆ ನೋಡಿ ಬರೆದದ್ದು. ಇನ್ನೊಂದು ವರದಾ ಹೊಳೆಯ ದಂಡೆಯಿಂದ ಬೆಟ್ಟದ ಬುಡದವರೆಗೆ ಬರಿಗಾಲಲ್ಲಿ ನಡೆದದ್ದು. ಮೊದಲನೆಯದು ಪುಸ್ತಕಗಳಲ್ಲಿದೆ, ಶಾಸನಗಳಲ್ಲಿದೆ, ಬಂದ ಪ್ರವಾಸಿಗರಿಗೆ ಒಪ್ಪಿಸುವ ಗಿಳಿಪಾಠದಲ್ಲಿದೆ. ಎರಡನೆಯದು ನಮ್ಮ ಅಜ್ಜಿಯರ ಹತ್ತಿರ ಇದೆ. ಅವರು ಅದನ್ನು ಹೇಳುವುದಿಲ್ಲ. ಕೇಳಿದರೆ ಮುಖ ಆ ಕಡೆ ತಿರುಗಿಸಿ ಅಕ್ಕಿ ಆರಿಸ್ತಾರೆ.

ಈ ಎರಡನೆಯ ಚರಿತ್ರೆಯನ್ನು ನಾವೇ ಬರೆಯಬೇಕು. ನಾವು ಬರೆಯದೇ ಹೋದ್ರೆ ಬೇರೆಯವರು ಬರೀತಾರೆ. ಈಗಾಗಲೇ ಬರೆದೂ ಆಗಿದೆ, ಒಂದೇ ಸಾಲಿನಲ್ಲಿ. ಇಲ್ಲಿ ಹಿಂದೆ ಬೆತ್ತಲೆ ಸೇವೆ ಅಂತ ಒಂದು ಅನಿಷ್ಟ ಪದ್ಧತಿ ಇತ್ತಂತೆ, ಈಗ ನಿಂತಿದೆಯಂತೆ. ಮುಗೀತು. ಕದಂಬರಿಗೆ ಅಧ್ಯಾಯಗಟ್ಟಲೆ ಪುಟ, ನಮ್ಮ ಅಜ್ಜಿಯರಿಗೆ ಒಂದು ಸಾಲು. ಆ ಸಾಲಿನಲ್ಲೂ ಅವರಿಲ್ಲ, ಬರೀ ಪದ್ಧತಿ ಇದೆ. ಪದ್ಧತಿಗೆ ಕಾಲಿರುವುದಿಲ್ಲ, ಮಾನ ಇರುವುದಿಲ್ಲ, ಹಸಿವು ಇರುವುದಿಲ್ಲ. ಹಾಗಾಗಿ ಪದ್ಧತಿಯ ಬಗ್ಗೆ ಬರೆಯುವುದು ಬಹಳ ಸುಲಭ.

ನಾವು ಅಂದ್ರೆ ಯಾರು ಅಂತ ಕೇಳಬಹುದು. ವರದೆಯ ಕೆಳದಂಡೆಯ ಒಂದು ಊರಿನ ಕೇರಿಯವರು. ಆಗ ಅದು ಧಾರವಾಡ ಜಿಲ್ಲೆ, 1997ರಿಂದ ಹಾವೇರಿ ಜಿಲ್ಲೆ. ನಮ್ಮ ಮನೆಗಳಲ್ಲಿ ಡಿಗ್ರಿ ಮುಗಿಸಿದ ಮೊದಲ ತಲೆಮಾರು ನಾವು, ನಾಲ್ಕು ಜನ. ನಮಗಿಂತ ಮುಂಚೆ ಆ ಮನೆಗಳಲ್ಲಿದ್ದ ಅಕ್ಷರ ಅಂದ್ರೆ ರೇಷನ್ ಕಾರ್ಡಿನದು, ಇಲ್ಲಾ ಸಾಲದ ನೋಟೀಸಿನದು. ಇವು ಎರಡನ್ನೂ ಬೇರೆಯವರ ಹತ್ತಿರ ಓದಿಸಬೇಕಿತ್ತು. ಈಗ ನಾವೇ ಓದ್ತೀವಿ. ಓದಲು ಶುರು ಮಾಡಿದ ಮೇಲೆ ಗೊತ್ತಾಯ್ತು, ಓದುವುದಕ್ಕಿಂತ ಮೊದಲೇ ನಮ್ಮ ಬಗ್ಗೆ ಬರೆದಿಟ್ಟದ್ದು ಎಷ್ಟಿದೆ ಅಂತ.

ಮೊದಲು ಕೋಟೆಯ ಚರಿತ್ರೆಯನ್ನೇ ನೋಡೋಣ. ಅದರ ಮೇಲೆ ನಮಗೇನೂ ಹಗೆ ಇಲ್ಲ.

ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ, ಕಾಡಿನ ನಡುವೆ ಎದ್ದು ನಿಂತ ಒಂಟಿ ಬೆಟ್ಟ. ಬೆಟ್ಟದ ಬುಡದಲ್ಲಿ ಸಣ್ಣ ಊರು. ಇಕ್ಕೇರಿ ಹತ್ತಿರ ವರದಾಮೂಲದಲ್ಲಿ ಹುಟ್ಟುವ ವರದೆ ಈ ಸೀಮೆ ಹಾಯ್ದು, ಬನವಾಸಿ ಸುತ್ತಿ, ನಮ್ಮ ಊರುಗಳ ಪಕ್ಕದಲ್ಲಿ ಹರಿದು ಗಳಗನಾಥದ ಬಳಿ ತುಂಗಭದ್ರೆ ಸೇರ್ತದೆ. ಪಂಪ ಮಹಾಕವಿ 10ನೆಯ ಶತಮಾನದಲ್ಲಿ ಹಂಬಲಿಸಿ ನೆನೆದ ಬನವಾಸಿ ದೇಶ ಇದೇ. ಕದಂಬರು ಇಲ್ಲಿ ಆಳಿದರು. ವಿಜಯನಗರದ ಮೊದಲನೆಯ ಹರಿಹರನ ತಮ್ಮ ಮಾರಪ್ಪ 14ನೆಯ ಶತಮಾನದಲ್ಲಿ ಇಲ್ಲಿಂದ ಆಡಳಿತ ನಡೆಸಿದ. 16ನೆಯ ಶತಮಾನದಲ್ಲಿ ಗುತ್ತಿ ಸೀಮೆ ಕೆಳದಿಯ ನಾಯಕರ ಕೈಗೆ ಬಂತು. 1763ರಲ್ಲಿ ಹೈದರಾಲಿ ಬಿದನೂರು ಹಿಡಿದಾಗ ಕೆಳದಿಯ ಕಾಲ ಮುಗಿಯಿತು. ಹೀಗೆ ಒಬ್ಬರಾದ ಮೇಲೊಬ್ಬರು ಬಂದರು, ಹೋದರು. ಎಲ್ಲರಿಗೂ ಬೆಟ್ಟ ಬೇಕಿತ್ತು. ಬೆಟ್ಟದ ಮೇಲಿಂದ ಗದ್ದೆ ಕಾಣಿಸ್ತದೆ, ಗದ್ದೆಯಿಂದ ಬರುವ ಬತ್ತ ಕಾಣಿಸ್ತದೆ. ಗದ್ದೆಯಲ್ಲಿ ಬಗ್ಗಿದ ಬೆನ್ನುಗಳು ಮಾತ್ರ ಅಷ್ಟೆತ್ತರದಿಂದ ಕಾಣಿಸೋದಿಲ್ಲ.

ರಾಜರು ಬದಲಾದರು. ಬಗ್ಗಿದ ಬೆನ್ನು ಬದಲಾಗಲಿಲ್ಲ. ಆ ಕೋಟೆಯ ಕಲ್ಲು ತಾನೇ ಬೆಟ್ಟ ಹತ್ತಲಿಲ್ಲ. ಹೊತ್ತವರ ಹೆಸರು ಯಾವ ಶಾಸನದಲ್ಲಿದೆ? ದಾನ ಕೊಟ್ಟವನ ವಂಶಾವಳಿ ಇರ್ತದೆ, ದಾನ ಪಡೆದವನ ಗೋತ್ರ ಇರ್ತದೆ, ಭೂಮಿಯ ನಾಲ್ಕು ಎಲ್ಲೆ ಇರ್ತದೆ. ಆ ಎಲ್ಲೆಯೊಳಗೆ ಉತ್ತು ಬಿತ್ತಿದವರು ಮಾತ್ರ ಇರುವುದಿಲ್ಲ. ಭೂಮಿ ಜೊತೆ ಅವರೂ ದಾನ ಆಗಿದ್ದರು, ಅಷ್ಟೆ.

ಈಗ ಬೆಟ್ಟದ ಅರ್ಧಕ್ಕೆ ಬನ್ನಿ. ಅಲ್ಲಿ ಗುಹೆಯೊಳಗೆ ರೇಣುಕಾಂಬೆ ಇದ್ದಾಳೆ. ಸವದತ್ತಿಯಲ್ಲಿ ಎಲ್ಲಮ್ಮ ಆದವಳು, ಇಲ್ಲಿ ಗುತ್ತ್ಯವ್ವ.

ಕತೆ ಎಲ್ಲರಿಗೂ ಗೊತ್ತು. ಗಂಡ ಜಮದಗ್ನಿಗೆ ಹೆಂಡತಿಯ ಮೇಲೆ ಅನುಮಾನ. ಮಗನನ್ನು ಕರೆದು ತಾಯಿಯ ತಲೆ ಕಡಿ ಅಂದ. ಮಗ ಪರಶುರಾಮ ಕೊಡಲಿ ಎತ್ತಿದ. ಈ ಸೀಮೆಯವರು ಹೇಳುವ ಪ್ರಕಾರ ಆಕೆ ಓಡಿದಳು. ಓಡುವಾಗ ಸೀರೆ ಜಾರಿತು, ಮುಳ್ಳಿಗೆ ಸಿಕ್ಕಿತು, ಬಿತ್ತು. ಬೆತ್ತಲೆಯಾಗಿ ಬಂದವಳನ್ನು ಬಂಡೆ ಬಾಯ್ತೆರೆದು ಒಳಗೆ ಕರೆದುಕೊಂಡಿತು. ಹೊರಗೆ ಉಳಿದದ್ದು ಆಕೆಯ ಬೆನ್ನು ಮಾತ್ರ. ಅದಕ್ಕೇ ಪೂಜೆ.

ಇದನ್ನು ನಮ್ಮ ಕಣ್ಣಿಂದ ಓದಿ ನೋಡಿ. ಅನುಮಾನಪಟ್ಟವನು ಋಷಿ ಆದ. ಕೊಡಲಿ ಹಿಡಿದವನು ಅವತಾರ ಆದ. ಓಡಿದವಳು ಕಲ್ಲಾದಳು. ಆಕೆ ಬೆತ್ತಲಾದದ್ದು ಭಕ್ತಿಯಿಂದಲ್ಲ, ಜೀವಭಯದಿಂದ. ಹಾಗಾದ್ರೆ ಆ ದಿನವನ್ನು ನೆನೆಯಬೇಕಾದವರು ಯಾರು? ಪ್ರಾಯಶ್ಚಿತ್ತ ಮಾಡಬೇಕಾದವರು ಯಾರು? ನ್ಯಾಯವಾಗಿ ನೋಡಿದ್ರೆ ಕೊಡಲಿಯ ವಂಶದವರು ಆ ದಾರಿಯಲ್ಲಿ ತಲೆ ತಗ್ಗಿಸಿ ನಡೀಬೇಕಿತ್ತು. ಆದರೆ ಶತಮಾನಗಳಿಂದ ನಡೆದವರು ಯಾರು? ಹರಕೆ ಹೊತ್ತವರಲ್ಲಿ ಹೆಚ್ಚಿನವರು ದಲಿತರು, ಹಿಂದುಳಿದ ಜಾತಿಗಳ ಬಡವರು. ಅದೇ ಕತೆಯ ಇನ್ನೊಂದು ತುದಿಯಲ್ಲಿ ಮಾತಂಗಿ ಇದ್ದಾಳೆ. ಓಡಿ ಬಂದ ರೇಣುಕೆಗೆ ನೆರಳು ಕೊಟ್ಟವಳು, ನಮ್ಮ ಕೇರಿಯ ಹೆಂಗಸು. ಕೊಡಲಿ ಅವಳ ಕುತ್ತಿಗೆಗೂ ಬಿತ್ತು ಅಂತ ಹಾಡುವವರು ಹಾಡ್ತಾರೆ. ನೆರಳು ಕೊಟ್ಟವಳ ಮೊಮ್ಮಕ್ಕಳು ಬಿಸಿಲಲ್ಲಿ ಬತ್ತಲೆ ನಡೆದರು. ಇದು ಪುರಾಣದ ಲೆಕ್ಕಾಚಾರ. ಈ ಲೆಕ್ಕಾಚಾರದಲ್ಲಿ ಬಾಕಿ ಯಾವತ್ತೂ ನಮ್ಮ ಹೆಸರಿಗೇ.

ನಮ್ಮಲ್ಲೊಬ್ಬನ ಅಜ್ಜಿ ಆ ದಾರಿಯಲ್ಲಿ ನಡೆದವಳು. ಆಕೆ ನಡೆದು ಐವತ್ತು ವರ್ಷದ ಹತ್ತಿರ ಆಗ್ತಾ ಬಂತು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಹೋದ ವರ್ಷ ಮಳೆ ಹಿಡಿದ ಒಂದು ರಾತ್ರಿ, ಕರೆಂಟ್ ಹೋಗಿತ್ತು. ಕತ್ತಲಲ್ಲಿ ಯಾರ ಮುಖವೂ ಯಾರಿಗೂ ಕಾಣ್ತಿರಲಿಲ್ಲ. ಆಗ ಹೇಳಿದಳು.

‘ಎರಡು ಕೂಸು ಹ್ವಾದ್ವು. ಮೂರನೇದಕ್ಕೂ ಮೈ ತುಂಬ ಗುಳ್ಳಿ ಎದ್ವು. ದವಾಖಾನಿ ಅಂದ್ರ ತಾಲ್ಲೂಕಿನ ಊರಾಗ. ಗಾಡಿ ಇದ್ದದ್ದು ಗೌಡ್ರ ಮನ್ಯಾಗ. ಕೇಳಾಕ ಹೋದ್ರ, ಸುಗ್ಗಿ ಐತಿ, ನಾಳೆ ಬಾ ಅಂದ್ರು. ನಾಳೆತನಕ ಕೂಸು ಇರತೈತೇನು? ಅವತ್ತು ರಾತ್ರಿ ಹರಕಿ ಹೊತ್ತೆ. ಕೂಸು ಉಳೀತು. ಉಳದ ಮ್ಯಾಲ ಹರಕಿ ತೀರಸಬೇಕಲ್ಲ.’

ಉಳಿದ ಆ ಕೂಸೇ ನಮ್ಮ ಗೆಳೆಯನ ಅಪ್ಪ. ಅಂದ್ರೆ ಅಜ್ಜಿಯ ಲೆಕ್ಕದಲ್ಲಿ ನಮ್ಮ ಗೆಳೆಯ ಇವತ್ತು ಭೂಮಿ ಮೇಲೆ ಇರುವುದು, ಡಿಗ್ರಿ ಓದಿದ್ದು, ಕವಿತೆ ಬರೆದದ್ದು, ದೇವರಿಲ್ಲ ಅಂತ ಭಾಷಣ ಮಾಡಿದ್ದು, ಎಲ್ಲವೂ ಆ ಹರಕೆಯಿಂದ. ಈ ಮಾತು ಕೇಳಿ ನಮಗೆ ನಗು ಬರಲಿಲ್ಲ.

‘ಹೊಳ್ಯಾಗ ಮುಳುಗಿ ಎದ್ದೆ. ಸೀರಿ ದಂಡಿ ಮ್ಯಾಲ ಬಿಟ್ಟೆ. ಕೈಯಾಗ ಬೇವಿನ ಸೊಪ್ಪಿತ್ತು. ಕಣ್ಣು ಮುಚ್ಚಿಕೊಂಡ ನಡದೆ. ಮುಂದಿನಾಕಿ ಕಾಲಿನ ಸಪ್ಪಳ ಕೇಳಕೋತ ನಡದೆ. ಕಣ್ಣು ಮುಚ್ಚಿದ್ರ ಮಂದಿ ಕಾಣಂಗಿಲ್ಲಲ್ಲ.’

‘ಮಂದಿ ಇದ್ರೇನಜ್ಜಿ?’

‘ಇದ್ರು. ಗಿಡದ ಮ್ಯಾಲೂ ಇದ್ರು.’

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳದೇನೇ ಹೇಳಿದಳು: ‘ಊರಿಗೆ ಬಂದು ಮರುದಿನ ಗೌಡ್ರ ಹೊಲಕ್ಕ ಕಳೆ ತೆಗ್ಯಾಕ ಹೋದೆ. ಗಿಡದ ಮ್ಯಾಲಿದ್ದೋರು ಅಲ್ಲೂ ಇದ್ರು. ಬದುವಿನ ಮ್ಯಾಲ ನಿಂತಿದ್ರು.’

ಗೆಳೆಯರೇ, ಚಂದ್ರಗುತ್ತಿಯ ಚರಿತ್ರೆ ಇಷ್ಟೆ. ಇದಕ್ಕಿಂತ ಹೆಚ್ಚಿನದು ಯಾವ ಗ್ಯಾಸೆಟಿಯರಿನಲ್ಲೂ ಇಲ್ಲ. ಮಗುವಿಗೆ ಔಷಧಿ ಇಲ್ಲ. ಗಾಡಿ ಗೌಡನದು. ದವಾಖಾನೆ ದೂರ. ದೇವರು ಒಬ್ಬಳೇ ಹತ್ತಿರ. ಆ ದೇವರೂ ಕೇಳಿದ್ದು ಮೈಮೇಲಿನ ಒಂದೇ ಒಂದು ಸೀರೆಯನ್ನು. ಬಡವರಿಗೆ ಕೊಡಲು ಇನ್ನೇನಿತ್ತು? ಹೊಲ ಇದ್ದವನು ಹೊಲ ಬರೆಸಿ ಕೊಡ್ತಾನೆ. ಹಣ ಇದ್ದವನು ಬೆಳ್ಳಿ ಕವಚ ಮಾಡಿಸ್ತಾನೆ, ಕಲ್ಲಿನ ಮೇಲೆ ಹೆಸರು ಕೆತ್ತಿಸ್ತಾನೆ. ಏನೂ ಇಲ್ಲದವಳು ತನ್ನ ಮಾನ ಕೊಟ್ಟಳು. ಕೊಟ್ಟದ್ದನ್ನು ಗಿಡದ ಮೇಲೆ ಕೂತವರು ತಗೊಂಡರು.

ಇಲ್ಲಿ ಇಬ್ಬರ ಜೊತೆ ನಮ್ಮ ಜಗಳವಿದೆ. ಇಬ್ಬರೂ ಓದಿದವರೇ.

ಮೊದಲನೆಯವನು ಹೇಳ್ತಾನೆ: ಅದು ಅವರ ನಂಬಿಕೆ, ಅವರ ಸ್ವಂತ ಇಚ್ಛೆ, ಯಾರೂ ಒತ್ತಾಯ ಮಾಡಿರಲಿಲ್ಲ. ಈತ ಇತ್ತೀಚೆಗೆ ಇನ್ನೂ ಮುಂದೆ ಹೋಗಿದ್ದಾನೆ. ವಿಚಾರ ಸಂಕಿರಣದಲ್ಲಿ ಏರ್ ಕೂಲರ್ ಕೆಳಗೆ ನಿಂತು, ಬೆತ್ತಲೆ ಸೇವೆ ಅಂದ್ರೆ ದೇಹದ ಬಿಡುಗಡೆ, ತಳಸಮುದಾಯದ ಹೆಣ್ಣಿನ ಪ್ರತಿರೋಧ ಅಂತ ಪ್ರಬಂಧ ಓದ್ತಾನೆ. ಸಾಕ್ಷಿಗೆ ಅಕ್ಕಮಹಾದೇವಿಯನ್ನು ಕರೀತಾನೆ. ಅಕ್ಕ ಹುಟ್ಟಿದ ಉಡುತಡಿ ಇರುವುದು ಪಕ್ಕದ ಶಿಕಾರಿಪುರ ತಾಲ್ಲೂಕಿನಲ್ಲಿ ತಾನೆ, ಅದೇ ಸೀಮೆ ತಾನೆ, ಅಕ್ಕನೂ ದಿಗಂಬರೆ ತಾನೆ, ಅಂತಾನೆ.

ಅಯ್ಯಾ, ಅಕ್ಕನನ್ನು ನಾವೂ ಓದಿದ್ದೇವೆ. ಅಕ್ಕ ಸೀರೆ ಬಿಸುಟದ್ದು ಕೌಶಿಕ ರಾಜನ ಅರಮನೆಯನ್ನು ಧಿಕ್ಕರಿಸಿ. ಬಿಸುಟವಳು ತಿರುಗಿ ಆ ಅರಮನೆಗೆ ಹೋಗಲಿಲ್ಲ. ಕಲ್ಯಾಣಕ್ಕೆ ಹೋದಳು, ಅನುಭವ ಮಂಟಪದಲ್ಲಿ ಅಲ್ಲಮನ ಎದುರು ನಿಂತು ವಾದ ಮಾಡಿದಳು. ನಮ್ಮ ಅಜ್ಜಿ ಸೀರೆ ಬಿಟ್ಟದ್ದು ಹೆದರಿಕೆಯಿಂದ. ಬಿಟ್ಟವಳು ಮರುದಿನ ಅದೇ ಗೌಡನ ಹೊಲಕ್ಕೆ ಕಳೆ ತೆಗೆಯಲು ಹೋದಳು. ರಾಜನ ಮನೆ ಬಿಟ್ಟು ನಡೆದವಳ ಬೆತ್ತಲೆ ಬೇರೆ, ಒಡೆಯನ ಹೊಲಕ್ಕೆ ಮರಳಿದವಳ ಬೆತ್ತಲೆ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಡುವವನಿಗೆ ಅಕ್ಕನೂ ಗೊತ್ತಿಲ್ಲ, ನಮ್ಮ ಅಜ್ಜಿಯೂ ಗೊತ್ತಿಲ್ಲ. ಸ್ವಂತ ಇಚ್ಛೆ ಅಂತೀರಲ್ಲ, ಇಚ್ಛೆ ಅನ್ನುವುದು ಎರಡು ದಾರಿ ಇದ್ದವರಿಗೆ. ಒಂದೇ ದಾರಿ ಇದ್ದವಳು ಆರಿಸಿಕೊಂಡಳು ಅಂತ ಹೇಳುವುದು ಮೋಸ.

ಎರಡನೆಯವನು ಹೇಳ್ತಾನೆ: ಛೀ, ಎಂಥ ಮೌಢ್ಯ! ಎಂಥ ಅನಾಗರಿಕ ಜನ! ಈತ ಪ್ರಗತಿಪರ. ಆದರೆ ಈತನ ಮನೆಯ ಅಡುಗೆಕೋಣೆ ವಾಸ್ತು ನೋಡಿ ತಿರುಗಿಸಿದ್ದು. ಈತ ರಾಹುಕಾಲ ಕಳೆದ ಮೇಲೆ ಸಹಿ ಹಾಕ್ತಾನೆ. ಗ್ರಹಚಾರ ಕೆಟ್ಟರೆ ಹೋಮ ಮಾಡಿಸ್ತಾನೆ. ಈತ ಮಾಡಿದರೆ ಅದು ಸಂಪ್ರದಾಯ, ನಮ್ಮವರು ಮಾಡಿದರೆ ಮೌಢ್ಯ. ಮೌಢ್ಯಕ್ಕೂ ಜಾತಿ ಇದೆ ನೋಡಿ ಈ ದೇಶದಲ್ಲಿ. ನಮ್ಮ ಅಜ್ಜಿ ಮಾಡಿದ್ದು ತಪ್ಪು ಅಂತ ಹೇಳುವ ಹಕ್ಕು ನಮಗಿದೆ. ಈತನಿಗೆ ಇಲ್ಲ.

ಮೊದಲನೆಯವನು ಅಜ್ಜಿಯ ಗಾಯವನ್ನು ಒಡವೆ ಅಂತಾನೆ. ಎರಡನೆಯವನು ಗಾಯ ಆದದ್ದೇ ಅವಳ ತಪ್ಪು ಅಂತಾನೆ. ಗಾಯ ಮಾಡಿದ ಕೊಡಲಿ ಯಾರ ಕೈಯಲ್ಲಿದೆ ಅಂತ ಇಬ್ಬರೂ ಕೇಳೋದಿಲ್ಲ.

ಕೇಳಿದವರು ಒಂದು ಕಾಲದಲ್ಲಿ ಇದ್ದರು. ಇದೇ ಶಿವಮೊಗ್ಗ ಜಿಲ್ಲೆಯ ಭದ್ರಾವತಿಯಲ್ಲಿ ಕನ್ನಡ ಪಾಠ ಮಾಡ್ತಿದ್ದ ಪ್ರೊ. ಬಿ. ಕೃಷ್ಣಪ್ಪನವರು ಮತ್ತು ಅವರ ಸಂಗಾತಿಗಳು 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಅದೇ ಸಮಿತಿಯ ಕಾರ್ಯಕರ್ತರು ಬೆತ್ತಲೆ ಸೇವೆ ನಿಲ್ಲಬೇಕು ಅಂತ ಚಂದ್ರಗುತ್ತಿಗೆ ಹೋದರು. ಜಾತ್ರೆಗೆ ಬಂದವರ ಕೈಮುಗಿದು ಹೇಳಿದರು, ಅಕ್ಕಾ, ಬಟ್ಟೆ ಉಟ್ಟುಕೊಂಡೇ ಹರಕೆ ತೀರಿಸಿ ಅಂತ. 1986ರ ಮಾರ್ಚ್ ತಿಂಗಳ ಜಾತ್ರೆಯಲ್ಲಿ ಜನ ತಿರುಗಿಬಿದ್ದರು. ಕಾರ್ಯಕರ್ತರನ್ನು ಹೊಡೆದರು. ಪತ್ರಕರ್ತರನ್ನು ಹೊಡೆದರು. ಪೊಲೀಸರನ್ನು ಹಿಡಿದು, ಮಹಿಳಾ ಪೊಲೀಸರನ್ನೂ ಬಿಡದೆ, ಬಟ್ಟೆ ಕಿತ್ತು ಮೆರವಣಿಗೆ ಮಾಡಿಸಿದರು. ಇಡೀ ದೇಶದ ಪತ್ರಿಕೆಗಳು ಬರೆದವು. ಸಣ್ಣ ಊರಿನ ಹೆಸರು ದೊಡ್ಡದಾಯಿತು.

ನಾವು ಯಾರೂ ಆಗ ಹುಟ್ಟಿರಲಿಲ್ಲ. ಆದರೂ ಆ ದಿನ ನಮ್ಮನ್ನು ಬಿಡುವುದಿಲ್ಲ. ಈ ಮಾತನ್ನು ನಮ್ಮ ವೇದಿಕೆಗಳಲ್ಲಿ ನಾವು ಮೆತ್ತಗೆ ಹೇಳಿ ಮುಂದೆ ಹೋಗ್ತೀವಿ. ಪಟ್ಟಭದ್ರ ಹಿತಾಸಕ್ತಿಗಳು ಮುಗ್ಧ ಜನರನ್ನು ಎತ್ತಿಕಟ್ಟಿದವು ಅಂತೀವಿ. ಎತ್ತಿಕಟ್ಟಿದವರು ಇರಬಹುದು. ಆದರೆ ಕಲ್ಲು ಎತ್ತಿದ ಕೈಗಳಲ್ಲಿ ನಮ್ಮ ಕೇರಿಗಳ ಕೈಗಳೂ ಇದ್ದವು. ನಮ್ಮ ಅಜ್ಜಿಯರ ಮಾನ ಉಳಿಸಲು ಬಂದವರನ್ನು ಹೊಡೆದವರಲ್ಲಿ ನಮ್ಮವರೂ ಇದ್ದರು. ಇದನ್ನು ಮುಚ್ಚಿಟ್ಟು ಚಳವಳಿ ಕಟ್ಟಲು ಆಗುವುದಿಲ್ಲ. ಮುಚ್ಚಿಟ್ಟ ಹುಣ್ಣು ಕೀವಾಗ್ತದೆ.

ನಮ್ಮವರು ಯಾಕೆ ಹೊಡೆದರು? ನಾವು ಅಜ್ಜಿಯನ್ನೇ ಕೇಳಿದೆವು. ಆ ವರ್ಷ ಆಕೆ ಅಲ್ಲಿ ಇರಲಿಲ್ಲ, ಸುದ್ದಿ ಕೇಳಿದ್ದಳು. ಆಕೆಯ ಉತ್ತರ: ‘ಹರಕಿ ತಪ್ಪಿದ್ರ ಕೂಸು ಸಾಯತೈತಿ ಅಂತ ಅಂಜಿಕಿ ಇದ್ದಾಕಿ ಮುಂದ ನಿಂತು, ನಡೀಬ್ಯಾಡ ಅಂದ್ರ ಆಕಿ ಏನ ಮಾಡ್ಯಾಳು? ನಡೀಬ್ಯಾಡ ಅಂದವ ಕೂಸಿನ ಜವಾಬ್ದಾರಿ ತಗೋತಾನೇನು?’

ಈ ಪ್ರಶ್ನೆಗೆ ಚಳವಳಿ ಉತ್ತರ ಕೊಟ್ಟಿತ್ತು. ಭೂಮಿ ಕೊಡಿ, ಶಾಲೆ ಕೊಡಿ, ಹಾಸ್ಟೆಲ್ ಕೊಡಿ ಅಂತ ಆ ದಶಕದುದ್ದಕ್ಕೂ ಬೀದಿಯಲ್ಲಿ ಕೂಗಿದವರು ಇದೇ ಸಂಗಾತಿಗಳು. ಜವಾಬ್ದಾರಿ ತಗೊಳ್ಳಬೇಕಿದ್ದದ್ದು ಸರ್ಕಾರ. ಸರ್ಕಾರ ಚಂದ್ರಗುತ್ತಿಗೆ ಏನು ಕಳಿಸಿತು? ಪೊಲೀಸರನ್ನು ಕಳಿಸಿತು. ಮಗುವಿನ ಗುಳ್ಳೆಗೆ ಔಷಧಿ ಕಳಿಸಲು ಆಗದ ಸರ್ಕಾರ ಲಾಠಿ ಕಳಿಸಿತು. ಜನ ಸರ್ಕಾರವನ್ನು ನೋಡಿದ್ದೇ ಖಾಕಿ ಬಟ್ಟೆಯಲ್ಲಿ. ಸಿಟ್ಟು ಬಂದಾಗ ಕಿತ್ತದ್ದೂ ಆ ಬಟ್ಟೆಯನ್ನೇ. ಇದನ್ನು ಸಮರ್ಥನೆ ಅಂತ ಯಾರೂ ತಿಳಿಯಬಾರದು. ಬಟ್ಟೆ ಕಳೆದುಕೊಂಡ ಆ ಮಹಿಳಾ ಪೊಲೀಸರೂ ಸಂಬಳಕ್ಕೆ ದುಡಿಯುವ ಬಡ ಮನೆಗಳ ಹೆಣ್ಣುಮಕ್ಕಳೇ ಆಗಿದ್ದಿರಬೇಕು. ಅವರ ಅವಮಾನಕ್ಕೆ ನಾವೂ ತಲೆ ತಗ್ಗಿಸ್ತೀವಿ. ಆದರೆ ಬೆತ್ತಲಾದದ್ದು ಅವರಲ್ಲ, ನಮ್ಮ ಅಜ್ಜಿಯರೂ ಅಲ್ಲ. ಅವತ್ತು ಬೆತ್ತಲಾಗಿ ನಿಂತದ್ದು, ಸ್ವಾತಂತ್ರ್ಯ ಬಂದು 39 ವರ್ಷಕ್ಕೆ ಒಂದು ತಾಯಿಗೆ ಹರಕೆಯಲ್ಲದೆ ಬೇರೆ ದವಾಖಾನೆ ಕೊಡಲಾಗದ ಈ ವ್ಯವಸ್ಥೆ.

ಆಮೇಲೆ ಏನಾಯಿತು? ಸರ್ಕಾರ ಚನ್ನಬಸಪ್ಪ ಆಯೋಗ ನೇಮಿಸಿತು. ಆಯೋಗದ ವರದಿ ಬಂತು, ಬೆತ್ತಲೆ ಸೇವೆಗೆ ನಿಷೇಧ ಬಂತು. ಈಗ ಜಾತ್ರೆಗೆ ಹೋಗುವವರು ಬಟ್ಟೆ ಉಟ್ಟೇ ಹೋಗ್ತಾರೆ. ಇದು ಸಣ್ಣ ಗೆಲುವಲ್ಲ. ಏಟು ತಿಂದ ಆ ಸಂಗಾತಿಗಳ ರಕ್ತದಿಂದ ಬಂದ ಗೆಲುವು. ಅವರು ಹೋಗದೇ ಇದ್ದಿದ್ರೆ ನಮ್ಮ ಅಕ್ಕತಂಗಿಯರೂ ಕಣ್ಣು ಮುಚ್ಚಿಕೊಂಡು ನಡೀಬೇಕಾಗ್ತಿತ್ತೋ ಏನೋ. ಈ ಋಣ ನಾವು ಮರೆಯೋದಿಲ್ಲ.

ಬಟ್ಟೆಯ ಹೋರಾಟ ನಮ್ಮದು ಒಬ್ಬರದೇ ಅಲ್ಲ. ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಎದೆ ಮುಚ್ಚಿಕೊಳ್ಳುವ ಹಕ್ಕಿಗಾಗಿ ದಶಕಗಳ ಕಾಲ ಏಟು ತಿಂದರು. 1859ರಲ್ಲಿ ರಾಜ ಅಪ್ಪಣೆ ಕೊಡಬೇಕಾಯಿತು. ಕೊಟ್ಟಾಗಲೂ ಮೇಲ್ಜಾತಿಯವರ ಹಾಗೆ ಉಡಬಾರದು ಅಂತ ಷರತ್ತು ಹಾಕಿದ. 1927ರ ಡಿಸೆಂಬರಿನಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರನ್ನು ಕೂರಿಸಿಕೊಂಡು ಸೀರೆ ಉಡುವ ಬಗ್ಗೆ ಮಾತಾಡಿದರು. ಉಡುಗೆ ನೋಡಿ ಜಾತಿ ಗುರುತಿಸುವುದು ಸಾಕಾಗಲಿ ಅಂದರು. ಕೆರೆಯ ನೀರಿನ ಹೋರಾಟದ ನಡುವೆ ಸೀರೆಯ ಮಾತು ಯಾಕೆ ಅಂತ ಓದುವಾಗ ನಮಗೆ ಅನಿಸಿತ್ತು. ಅಜ್ಜಿಯ ಮಾತು ಕೇಳಿದ ಮೇಲೆ ಅರ್ಥವಾಯಿತು. ಈ ದೇಶದಲ್ಲಿ ನಮ್ಮ ಹೆಣ್ಣುಮಕ್ಕಳ ಮೈಮೇಲೆ ಎಷ್ಟು ಬಟ್ಟೆ ಇರಬೇಕು ಅನ್ನುವುದನ್ನು ಯಾವತ್ತೂ ಬೇರೆಯವರೇ ಅಳೆದಿದ್ದಾರೆ.

ಆದ್ದರಿಂದ ನಿಷೇಧ ಬೇಕಿತ್ತು, ಬಂತು. ಆದರೆ ಹರಕೆ ಹುಟ್ಟಿದ ಜಾಗಕ್ಕೆ ಯಾರು ಬಂದರು? ಹರಕೆ ಹುಟ್ಟಿದ್ದು ಗುಹೆಯಲ್ಲಲ್ಲ. ಗೌಡನ ಮನೆಯ ಅಂಗಳದಲ್ಲಿ, ನಾಳೆ ಬಾ ಅಂದ ಮಾತಿನಲ್ಲಿ.

ಸೊರಬದ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿ ರೈತರು ಎದ್ದರು. ಗೇಣಿ ಅಳೆಯುವ ಕೊಳಗದ ಮೋಸ ಸಾಕು ಅಂದರು. ಗೋಪಾಲಗೌಡರು ಬಂದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ದೊಡ್ಡ ಹೋರಾಟ, ನಮಗೂ ಹೆಮ್ಮೆ. 1974ರಲ್ಲಿ ಭೂಸುಧಾರಣೆ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಉಳುವವನೇ ಒಡೆಯ ಅಂದರು. ಆದರೆ ಫಾರಂ ನಂಬರ್ 7 ತುಂಬಲು ಗೇಣಿದಾರ ಅಂತ ಆಗಿರಬೇಕಿತ್ತು. ನಮ್ಮ ಅಜ್ಜ ಗೇಣಿದಾರ ಅಲ್ಲ, ಗೇಣಿದಾರನ ಆಳು. ಉತ್ತದ್ದು ಅವನೇ, ಕಾಗದದಲ್ಲಿ ಅವನಿಲ್ಲ. ಹಾಗಾಗಿ ಹೊಲ ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ಹೋಯಿತು, ನಮ್ಮ ಅಜ್ಜಿ ಅದೇ ಹೊಲದಲ್ಲಿ ಕಳೆ ತೆಗೆದಳು. ಶಾಸನದ ಕಲ್ಲಿನಲ್ಲಿ ಇರದವರು ಸರ್ಕಾರಿ ಫಾರಮ್ಮಿನಲ್ಲೂ ಇರಲಿಲ್ಲ.

ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಚೂರುಪಾರು ಜಮೀನು ಮೇಲ್ಜಾತಿಯವರ ಪಾಲಾಗದಿರಲಿ ಅಂತ 1978ರ ಪರಭಾರೆ ನಿಷೇಧ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದು ಜಮೀನು ಕೇಳಿದರೆ ಆಗದು ಅಂದಿತು. ತಡ! ಓದಲು ಬಾರದವನಿಗೆ ಕಾಯ್ದೆ ಇದೆ ಅಂತ ಗೊತ್ತಾಗುವಷ್ಟರಲ್ಲಿ ತಡವೇ ಆಗಿರ್ತದೆ. ಆ ತಡವನ್ನು ಸರಿಪಡಿಸುವ ತಿದ್ದುಪಡಿಗೆ ಬೀದಿಯಲ್ಲಿ ಕೂತು 2023ರವರೆಗೆ ಕಾಯಬೇಕಾಯಿತು. ಅದರ ನಡುವೆ, 2020ರಲ್ಲಿ, ಹಣ ಇದ್ದ ಯಾರು ಬೇಕಾದರೂ ಕೃಷಿ ಭೂಮಿ ಕೊಳ್ಳಬಹುದು ಅಂತ ಭೂಸುಧಾರಣೆಯ ಬೇಲಿಯನ್ನೇ ಕಿತ್ತರು. 2017ರಲ್ಲೇ ಮೌಢ್ಯ ನಿಷೇಧ ಕಾಯ್ದೆಯನ್ನೂ ಮಾಡಿದರು. ಎಂಜಲೆಲೆಯ ಮೇಲೆ ಉರುಳುವುದು ನಿಲ್ಲಲಿ ಅಂದರು. ಸಂತೋಷ. ಆದರೆ ನೋಡಿ, ಮೌಢ್ಯ ನಿಷೇಧಿಸುವ ಕೈಗೆ ಭೂಮಿಯ ಮಾತು ಬಂದಾಗ ಲಕ್ವ ಹೊಡೀತದೆ. ಮೈಗೆ ಬಟ್ಟೆ ಹೊದಿಸ್ತಾರೆ, ಕಾಲ ಕೆಳಗಿನ ನೆಲ ಕಿತ್ಕೋತಾರೆ.

ಇವತ್ತು ಆ ದಾರಿಯಲ್ಲಿ ಬಸ್ಸು ಓಡ್ತದೆ. ಪ್ರವಾಸಿಗರು ಬರ್ತಾರೆ, ಕೋಟೆ ಹತ್ತಿ ಸೆಲ್ಫಿ ತೆಗೀತಾರೆ, ಎಂಥ ಹಸಿರು ಅಂತಾರೆ. ಊರು ಶಾಂತವಾಗಿದೆ ಅಂತಾರೆ. ಊರು ಶಾಂತವಾಗಿರಲಿ, ನಮಗೂ ಅದೇ ಬೇಕು. ಚಂದ್ರಗುತ್ತಿಯ ಜನರನ್ನು ನಾವು ದೂರುತ್ತಿಲ್ಲ. ಅವರಲ್ಲೂ ನಮ್ಮಂಥ ಕೂಲಿಯವರಿದ್ದಾರೆ. ಇಡೀ ನಾಡು ಮಾಡಿದ ಪಾಪವನ್ನು ಒಂದು ಸಣ್ಣ ಊರಿನ ತಲೆಗೆ ಕಟ್ಟಿ ಉಳಿದವರು ಕೈ ತೊಳಕೊಂಡದ್ದು ಸಾಕು. ಹರಕೆ ಹೊತ್ತವರು ಆ ಊರಿನವರಷ್ಟೇ ಅಲ್ಲ. ನಮ್ಮ ಊರಿಂದ ಹೋದರು, ನಿಮ್ಮ ಊರಿಂದ ಹೋದರು. ಎಲ್ಲ ಊರುಗಳ ಗೌಡರ ಅಂಗಳದಿಂದ ಹೊರಟ ದಾರಿಗಳು ಅಲ್ಲಿ ಬಂದು ಕೂಡಿದವು. ಚಂದ್ರಗುತ್ತಿ ಹೆಸರು ಹೊತ್ತಿತು.

ನಮ್ಮ ಬೇಡಿಕೆ ದೊಡ್ಡದಲ್ಲ. ಬೆಟ್ಟದ ಬುಡದಲ್ಲಿ ಒಂದು ಕಲ್ಲು ನಿಲ್ಲಿಸಿ. ಅದರ ಮೇಲೆ ನಮ್ಮ ಅಜ್ಜಿಯರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆಯಿರಿ: ಈ ದಾರಿಯಲ್ಲಿ ಔಷಧಿ ಸಿಗದ ತಾಯಂದಿರು ಬೆತ್ತಲೆ ನಡೆದರು, ತಪ್ಪು ಅವರದಲ್ಲ. 1986ರಲ್ಲಿ ಏಟು ತಿಂದವರನ್ನೂ, ಬಟ್ಟೆ ಕಳೆದುಕೊಂಡವರನ್ನೂ ಅದರಲ್ಲಿ ನೆನೆಯಿರಿ. ಮಾರಪ್ಪನ ಶಾಸನದ ಪಕ್ಕ ಇದೂ ಒಂದು ಇರಲಿ. ಆಮೇಲೆ ನಮ್ಮ ನಮ್ಮ ತಾಲ್ಲೂಕುಗಳ ದವಾಖಾನೆಗಳಲ್ಲಿ ರಾತ್ರಿ ಹೊತ್ತು ಡಾಕ್ಟರು ಇರಲಿ. ನಮ್ಮವರಿಗೆ ಮಂಜೂರಾದ ಜಮೀನು ನಮ್ಮವರ ಕೈಯಲ್ಲಿರಲಿ. ಹರಕೆ ಹೊರಬೇಡ ಅಂತ ನಾವು ನಮ್ಮ ತಾಯಂದಿರಿಗೆ ಹೇಳ್ತೀವಿ. ಹೇಳುವಾಗ ನಮ್ಮ ಕೈಯಲ್ಲಿ ಏನಾದರೂ ಇರಬೇಕಲ್ಲ.

ನಮ್ಮ ಪೀಳಿಗೆಯ ಗೆಳೆಯರಿಗೂ ಒಂದು ಮಾತು. ಡಿಗ್ರಿ ಓದಿದ ಮೇಲೆ ನಾವು ಅಜ್ಜಿಯರನ್ನು ಮುಚ್ಚಿಡಲು ಕಲ್ತೀವಿ. ಗೆಳೆಯರು ಮನೆಗೆ ಬಂದಾಗ ಅವರನ್ನು ಹಿತ್ತಲಿಗೆ ಕಳಿಸ್ತೀವಿ. ಅವರ ಹರಕೆ, ಅವರ ಭಂಡಾರ, ಅವರ ಮುತ್ತು ನಮಗೆ ನಾಚಿಕೆ ತರ್ತವೆ. ನಾಚಿಕೆ ಪಡಬೇಕಾದವರು ನಾವಲ್ಲ. ಆಕೆ ನಡೆದಳು, ಅದಕ್ಕೇ ನಾವು ಬರೀತಿದ್ದೀವಿ. ನಡೆದದ್ದು ತಪ್ಪು ಅಂತಲೂ ಹೇಳೋಣ, ನಡೆದವಳ ಪಾದ ಮುಟ್ಟಿಯೂ ಹೇಳೋಣ.

ಈ ಲೇಖನ ಬರೀತೀವಿ ಅಂತ ಅಜ್ಜಿಗೆ ಹೇಳಿದೆವು. ಕೈಯಲ್ಲಿದ್ದ ಮೊರ ಕೆಳಗಿಟ್ಟು ನೋಡಿದಳು.

‘ಬರೀರಿ. ನನ್ನ ಹೆಸರು ಬರೀಬ್ಯಾಡ್ರಿ.’

‘ಯಾಕಜ್ಜಿ? ಐವತ್ತು ವರ್ಷ ಆತು.’

‘ಗಿಡದ ಮ್ಯಾಲಿದ್ದೋರು ಇನ್ನೂ ಊರಾಗ ಅದಾರ. ಅವರ ಮೊಮ್ಮಕ್ಕಳಿಗೂ ಓದಾಕ ಬರತೈತಿ.’

ಹೆಸರು ಬರೆದಿಲ್ಲ. ಗಿಡದ ಮೇಲಿದ್ದವರ ಮೊಮ್ಮಕ್ಕಳೇ, ನೀವು ಇದನ್ನು ಓದ್ತಿದ್ರೆ, ಮನೆಗೆ ಹೋಗಿ ನಿಮ್ಮ ಅಜ್ಜಂದಿರನ್ನು ಕೇಳಿ. ಅವತ್ತು ಅವರು ಅಲ್ಲಿ ಏನು ನೋಡ್ತಿದ್ದರು ಅಂತ ಕೇಳಿ. ಚಂದ್ರಗುತ್ತಿಯ ಚರಿತ್ರೆಯಲ್ಲಿ ಬರೆಯದೇ ಉಳಿದ ಪುಟ ಅದು. ಅದನ್ನು ನಾವು ಬರೆಯಲು ಆಗುವುದಿಲ್ಲ. ನೀವು ಬರೀಬೇಕು.